ಜೈಲಿನ ಬಿರಿಯಾನಿ, ಮನೆ ಬಾಗಿಲಿಗೆ

ಮುನ್ನೂರು ಗ್ರಾಂ ಬಿರಿಯಾನಿ, ಹುರಿದ ಕೋಳಿಕಾಲು ಒಂದು, ಚಪಾತಿ ಮೂರು, ಒಂದು ಕಪ್ ಕೇಕ್. ನಂಚಿಕೊಳ್ಳಲು ಉಪ್ಪಿನಕಾಯಿ, ಸಲಾಡ್. ಜೊತೆಗೆ ಒಂದು ಲೀಟರ್ ನೀರು, ಬಡಿಸಿಕೊಳ್ಳಲು ಬಾಳೆಲೆ. ಎಲ್ಲ ಸೇರಿ 127 ರೂಪಾಯಿ. 2019ರ ಜುಲೈನಲ್ಲಿ ಕೇರಳದ ತ್ರಿಶೂರಿನವರಿಗೆ ಸ್ವಿಗ್ಗಿ ಆ್ಯಪಿನಲ್ಲಿ ಕಂಡ ಹೊಸ ಊಟವಿದು. ಅಡುಗೆಮನೆಯ ವಿಳಾಸ ಮಾತ್ರ ಸ್ವಲ್ಪ ಬೇರೆ: ವಿಯ್ಯೂರು ಕೇಂದ್ರ ಕಾರಾಗೃಹ.

ಆರ್ಡರು ಬರುವುದು ಮೊಬೈಲಿನಲ್ಲಿ. ಒಲೆಯ ಮುಂದೆ ನಿಂತವರು ಮೊಬೈಲು ಮುಟ್ಟುವಂತಿಲ್ಲ. ಪೊಟ್ಟಣ ಮಾತ್ರ ಗೋಡೆ ದಾಟಿ ಊರು ಸೇರುತ್ತದೆ.

ಇದಕ್ಕೆಲ್ಲ ಮೊದಲು ಬಂದದ್ದು ಚಪಾತಿ. 2011ರ ಹೊತ್ತಿಗೆ ಕೇರಳದ ಜೈಲುಗಳು ಚಪಾತಿ ಮಾಡಿ ಹೊರಗಿನವರಿಗೆ ಮಾರಲು ತೊಡಗಿದವು. ಒಂದಕ್ಕೆ ಎರಡು ರೂಪಾಯಿ. ಕೈಯಿಂದ ಲಟ್ಟಿಸಿ ಪೂರೈಸುವ ಲೆಕ್ಕ ಅಲ್ಲವಾದ್ದರಿಂದ ಯಂತ್ರಗಳು ಬಂದವು. ಹಿಟ್ಟಿನ ಉಂಡೆ ಒಳಹೋಗಿ, ಒತ್ತಿಸಿಕೊಂಡು, ಬೆಂದು, ಹತ್ತರ ಕಟ್ಟಾಗಿ ಜೈಲಿನ ಹೊರಗಿನ ಕೌಂಟರು ತಲುಪುತ್ತದೆ. ‘ಫ್ರೀಡಂ ಫುಡ್’ ಎಂಬ ಹೆಸರು ಹೊತ್ತ ಈ ಕಟ್ಟನ್ನು ಕೆಲಸ ಮುಗಿಸಿ ಮನೆಗೆ ಹೊರಟವರು ರಾತ್ರಿಯೂಟಕ್ಕೆಂದು ಒಯ್ಯುತ್ತಾರೆ. ಬರಬರುತ್ತ ಕೋಳಿ ಸಾರು, ಬಿರಿಯಾನಿ, ಬೇಕರಿ ತಿನಿಸುಗಳೂ ಸೇರಿಕೊಂಡವು.

ಮಾಡುವುದನ್ನು ಜೈಲು ಕಲಿತಿತ್ತು. ಊರ ತುಂಬ ಹಂಚುವ ದಾರಿ ಮಾತ್ರ ಅದರ ಬಳಿ ಇರಲಿಲ್ಲ, ಆ ಕೊರತೆಯನ್ನು ಸ್ವಿಗ್ಗಿ ತುಂಬಿತು. ಇಂಧನದ ವ್ಯವಹಾರದಲ್ಲಿ ಇದೇ ಜಾಗಕ್ಕೆ ಬಂದದ್ದು ಇಂಡಿಯನ್ ಆಯಿಲ್. 2020ರಲ್ಲಿ ಕೇರಳದ ಜೈಲು ಇಲಾಖೆಯ ಜಾಗದಲ್ಲಿ ಪೆಟ್ರೋಲ್ ಬಂಕುಗಳು ಎದ್ದವು. ಹೈದರಾಬಾದಿನ ಚಂಚಲಗುಡ ಜೈಲಿನವರು ಅದಕ್ಕೂ ಮೊದಲೇ ಈ ದಾರಿ ಹಿಡಿದಿದ್ದರು. ಬಂಕಿನ ಕೆಲಸಕ್ಕೆ ಎಲ್ಲರನ್ನೂ ಕಳಿಸುವುದಿಲ್ಲ. ನಡತೆ ಚೆನ್ನಾಗಿದೆ ಎನಿಸಿಕೊಂಡ ಸಜಾ ಬಂದಿಗಳಿಗಷ್ಟೇ ಆ ಅವಕಾಶ. ಪೈಪು ಹಿಡಿದವರ ಮುಂದೆ ದಿನವಿಡೀ ತೆರೆದ ರಸ್ತೆ ಇರುತ್ತದೆ.

ಚಪಾತಿ ಅಷ್ಟು ಅಗ್ಗವಾದದ್ದಕ್ಕೆ ಬಾಡಿಗೆ ಇಲ್ಲದಿರುವುದು ಒಂದು ಕಾರಣ, ಕೂಲಿ ಕಡಿಮೆ ಇದ್ದದ್ದು ಇನ್ನೊಂದು. ಕಠಿಣ ಸಜೆ ಪಡೆದವರಿಂದ ದುಡಿಸಿಕೊಳ್ಳುವುದು ಕಾನೂನುಬದ್ಧ, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿತು. ಊಟ, ಬಟ್ಟೆಯ ಖರ್ಚನ್ನು ಮುರಿದುಕೊಳ್ಳಬಹುದು. ಒಂದು ಪಾಲು ಅಪರಾಧದಿಂದ ನೊಂದವರಿಗೆ ಸಲ್ಲುವಂತೆ ಕಾನೂನು ಮಾಡಬೇಕು ಎಂದೂ ಸೇರಿಸಿತು. ದರ ನಿಗದಿ ಆಯಾ ರಾಜ್ಯದ ಕೈಯಲ್ಲಿದೆ. ಕರ್ನಾಟಕದಲ್ಲಿ ಈಗ ದಿನಗೂಲಿ 500 ರೂಪಾಯಿ ದಾಟಿದೆ.

ಒಳಗೆ ಅಡುಗೆ ಯಾರು ಮಾಡಬೇಕು ಎಂಬುದಕ್ಕೂ ಒಂದು ಕಥೆಯಿದೆ. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಸೌಟನ್ನೂ ಪೊರಕೆಯನ್ನೂ ಜಾತಿ ನೋಡಿಯೇ ಹಂಚುತ್ತಿದ್ದವು. ಅಂಥ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಮಾಡಿದ್ದು 2024ರ ಅಕ್ಟೋಬರಿನಲ್ಲಿ.

ಇಷ್ಟಾಗಿಯೂ ಈ ಕೆಲಸ ತಲುಪುವುದು ಕೆಲವರನ್ನು ಮಾತ್ರ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5.73 ಲಕ್ಷ ಮಂದಿ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಅಪರಾಧ ಸಾಬೀತಾಗದ ಕಾರಣ ಅವರನ್ನು ಬಲವಂತವಾಗಿ ದುಡಿಮೆಗೆ ಹಚ್ಚುವಂತಿಲ್ಲ. ಬಂಕು, ಬೇಕರಿಗಳು ನಡೆಯುವುದು ಬಹುಮಟ್ಟಿಗೆ ಉಳಿದ ಕಾಲು ಪಾಲಿನವರ ಕೈಯಲ್ಲಿ.

ಕೇರಳದ ಚಪಾತಿ ಹದಿಮೂರು ವರ್ಷ ಎರಡೇ ರೂಪಾಯಿಯಲ್ಲಿ ನಿಂತಿತ್ತು. 2025ರಲ್ಲಿ ಮೂರಾಯಿತು. ಕಟ್ಟಿಗೆ 20 ಕೊಡುತ್ತಿದ್ದವರು 30 ಕೊಡಬೇಕಾಯಿತು. ಒಳಗಿರುವುದು ಅದೇ ಹತ್ತು ಚಪಾತಿ.