ಕರೆಂಟ್ ಕೊಟ್ಟ ಮೈಗೆ ನೀರು ಸೋಕಬಾರದೇ?

ರೇಡಿಯೇಷನ್ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ‘ಕರೆಂಟ್ ಕೊಡೋದು’. ‘ಇಪ್ಪತ್ತೈದು ಕರೆಂಟ್ ಬರೆದಿದ್ದಾರಂತೆ’ ಎಂದರೆ ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಎಲ್ಲರಿಗೂ ಅರ್ಥವಾಗುತ್ತದೆ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಅದರ ಬಾಲ ಹಿಡಿದು ಬರುವ ತರ್ಕದ ಬಗ್ಗೆ ಇದೆ. ಕರೆಂಟ್ ಅಂದಮೇಲೆ ನೀರು ತಾಗಬಾರದು ತಾನೇ?

ನನ್ನ ಅತ್ತಿಗೆಗೆ ಸ್ತನದ ಆಪರೇಷನ್ ಆಗಿ ಐದು ವಾರ ರೇಡಿಯೇಷನ್ ನಡೆದದ್ದು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ. ಅಷ್ಟು ದಿನವೂ ಆ ಭಾಗಕ್ಕೆ ಒಂದು ತಂಬಿಗೆ ನೀರಿಲ್ಲ, ಒದ್ದೆ ಬಟ್ಟೆಯೂ ಇಲ್ಲ. ಬೆವರು, ಅದರ ಮೇಲೆ ಪೌಡರು, ಅದರ ಮೇಲೆ ಮತ್ತೆ ಬೆವರು. ನಾಲ್ಕನೇ ವಾರಕ್ಕೆ ಕಂಕುಳು ಕಪ್ಪಾಗಿ, ಸಿಪ್ಪೆ ಕಿತ್ತು, ನೀರೂರತೊಡಗಿತು. ನೋಡಲು ಬಂದ ನೆಂಟರ ತೀರ್ಪು ಸಿದ್ಧವಾಗಿತ್ತು: ‘ಎಲ್ಲೋ ನೀರು ಸೋಕಿರಬೇಕು.’ ಪಾಪ, ಸೋಕಿದ್ದರೆ ಚೆನ್ನಾಗಿತ್ತು.

ಈ ಚಿಕಿತ್ಸೆಯಲ್ಲಿ ರೋಗಿಯ ಮೈಗೆ ವಿದ್ಯುತ್ ಹರಿಯುವುದಿಲ್ಲ. ಬೀಳುವುದು ಎಕ್ಸ್‌ರೇ, ಎಲುಬಿನ ಚಿತ್ರ ತೆಗೆಯುವುದಕ್ಕಿಂತ ಬಹಳ ಹೆಚ್ಚು ಶಕ್ತಿಯದು. ಯಂತ್ರಕ್ಕೆ ಕರೆಂಟ್ ಬೇಕು, ನಿಜ. ಮಿಕ್ಸಿಗೂ ಬೇಕು; ಅದರಲ್ಲಿ ರುಬ್ಬಿದ ಚಟ್ನಿ ಯಾರಿಗೂ ಶಾಕ್ ಹೊಡೆದಿಲ್ಲ. ಯಂತ್ರ ನಿಂತ ಕ್ಷಣಕ್ಕೆ ಕಿರಣವೂ ನಿಂತಿತು. ಮೈಯಲ್ಲಿ ಅದು ಉಳಿದುಕೊಂಡಿರುವುದಿಲ್ಲ, ಆದ್ದರಿಂದ ಮನೆಗೆ ಬಂದವರು ಮೊಮ್ಮಗುವನ್ನು ಎತ್ತಿಕೊಳ್ಳಬಹುದು.

ಹಾಗಾದರೆ ಚರ್ಮ ಕೆಡುವುದೇಕೆ? ಇದು ಒಲೆ ತಾಗಿದ ಸುಟ್ಟಗಾಯದಂತಲ್ಲ. ಚರ್ಮದ ಕೆಳಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಮೇಲೆ ಬಂದು ಉದುರಲು ಅವಕ್ಕೆ ಸುಮಾರು ನಾಲ್ಕು ವಾರ ಬೇಕು. ಕಿರಣ ಆ ಹುಟ್ಟನ್ನೇ ತಡೆಯುತ್ತದೆ. ಮೇಲಿನದು ಉದುರುತ್ತಿದೆ, ಕೆಳಗಿನಿಂದ ಭರ್ತಿಯಾಗುತ್ತಿಲ್ಲ. ಅದಕ್ಕೇ ಮೊದಲ ದಿನ ಏನೂ ಕಾಣದೆ ಎರಡು ಮೂರು ವಾರದ ಹೊತ್ತಿಗೆ ಕೆಂಪಾಗುವುದು, ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹೆಚ್ಚುತ್ತಲೇ ಹೋಗುವುದು. ‘ಮುಗಿದ ಮೇಲೆ ಯಾಕೆ ಜಾಸ್ತಿಯಾಯ್ತು, ಏನೋ ಎಡವಟ್ಟಾಗಿದೆ’ ಎಂದು ಗಾಬರಿ ಬೀಳುವವರಿಗೆ ಇಷ್ಟೇ ಉತ್ತರ. ಕಂಕುಳು, ಸ್ತನದ ಕೆಳಗಿನ ಮಡಿಕೆ, ತೊಡೆಸಂದಿಯಂಥ ಕಡೆ ಉಜ್ಜಾಟವೂ ತೇವವೂ ಸೇರಿ ಇನ್ನಷ್ಟು ಕೆಡುತ್ತದೆ. ಇಷ್ಟರಲ್ಲಿ ಸ್ನಾನದ ಪಾತ್ರ ಎಲ್ಲಿ ಬಂತು?

ನೀರಿನ ಮೇಲಿನ ಈ ಅಪವಾದವನ್ನು ಪರೀಕ್ಷೆಗೂ ಒಡ್ಡಿದ್ದಾರೆ. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಸ್ತನಕ್ಕೆ ರೇಡಿಯೇಷನ್ ಪಡೆಯುತ್ತಿದ್ದ 99 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೋಪು ನೀರಿನಲ್ಲಿ ತೊಳೆಯಲು, ಇನ್ನೊಂದಕ್ಕೆ ತೊಳೆಯದಿರಲು ಹೇಳಿದರು. ಚರ್ಮ ಕಿತ್ತು ನೀರೂರುವ ಹಂತ ಮುಟ್ಟಿದವರು ತೊಳೆಯದವರಲ್ಲಿ ಶೇಕಡ 33, ತೊಳೆದವರಲ್ಲಿ 14. ಬ್ರಿಟನ್ನಿನ ಇನ್ನೊಂದು ಅಧ್ಯಯನ 1992ರಲ್ಲೇ ತೊಳೆಯುವುದರಿಂದ ಹಾನಿಯಿಲ್ಲ ಎಂದಿತ್ತು. ಮೂವತ್ತು ವರ್ಷ ದಾಟಿದ ಈ ಸಂಗತಿ ನಮ್ಮ ಬಚ್ಚಲುಮನೆಗೆ ಇನ್ನೂ ತಲುಪಿಲ್ಲ.

ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. 1950ರ ದಶಕಕ್ಕೆ ಮೊದಲಿನ ಯಂತ್ರಗಳ ಗರಿಷ್ಠ ಪ್ರಮಾಣ ಚರ್ಮದ ಮೇಲೇ ಬೀಳುತ್ತಿತ್ತು. ಆಗ ಹೆದರಿದ್ದು ತಪ್ಪಲ್ಲ. ಈಗಿನ ಯಂತ್ರಗಳ ಗರಿಷ್ಠ ಪೆಟ್ಟು ಚರ್ಮದಿಂದ ಒಂದೂವರೆ ಸೆಂಟಿಮೀಟರಿನಷ್ಟು ಒಳಗೆ. ಜೊತೆಗೆ, ಕಿರಣ ಎಲ್ಲಿ ಬೀಳಬೇಕೆಂದು ಮೈಮೇಲೆ ಪೆನ್ನಿನಲ್ಲಿ ಗೆರೆ ಎಳೆದು ‘ಇದು ಅಳಿಸಬಾರದು’ ಎನ್ನುತ್ತಾರೆ. ಅತ್ತಿಗೆಗೂ ಹೇಳಿದ್ದು ಅಷ್ಟೇ. ಕೌಂಟರಿನಿಂದ ಮನೆಗೆ ಬರುವಷ್ಟರಲ್ಲಿ ಅದು ‘ನೀರು ಮುಟ್ಟಿಸಬಾರದು’ ಆಗಿತ್ತು. ಗೆರೆ ಅಳಿಯುವ ಚಿಂತೆಯಿದ್ದರೆ ಆ ಜಾಗಕ್ಕೆ ಹೇಗೆ ನೀರು ಹಾಕಿಕೊಳ್ಳಲಿ ಎಂದು ಟೆಕ್ನಿಷಿಯನ್ನರನ್ನೇ ಕೇಳಬಹುದು. ಕೇಳುವುದಿಲ್ಲ, ಪಕ್ಕದ ಮನೆಯವರನ್ನು ಕೇಳುತ್ತೇವೆ.

ತೊಳೆಯಲು ಬೇಕಾದದ್ದು ಇಷ್ಟೇ: ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೆದು ಸೋಪು, ಬರಿಯ ಅಂಗೈ. ನಾರು, ಕಲ್ಲು, ಕಡಲೆಹಿಟ್ಟು ಬೇಡ. ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಡಾಕ್ಟರು ಹೇಳಿದ ಕ್ರೀಮನ್ನು ತೆಳ್ಳಗೆ ಹಚ್ಚಿ. ಚರ್ಮ ಕಿತ್ತು ನೀರೂರಿದರೆ, ವಾಸನೆ ಬಂದರೆ ಅಥವಾ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಟೂತ್‌ಪೇಸ್ಟು, ಐಸು, ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ ಯಾವುದೂ ಇದರ ಮದ್ದಲ್ಲ. ‘ಉಷ್ಣಕ್ಕೆ ತಂಪು’ ಎಂದು ಲೋಳೆಸರ ಬಳಿಯುವವರಿಗೆ ಬೇಸರವಾಗಬಹುದು: ಪರೀಕ್ಷೆಗಳಲ್ಲಿ ಅದು ಈ ಚರ್ಮವನ್ನು ಕಾಪಾಡಿದ್ದು ಕಾಣಲಿಲ್ಲ.

ಚರ್ಮದ ಮೇಲೆ ಗುರುತು ಬಿಡುವ ಉಳಿದ ಕ್ಯಾನ್ಸರ್ ಚಿಕಿತ್ಸೆಗಳ ಮಾತನ್ನು ಬೇಗ ಮುಗಿಸುತ್ತೇನೆ. ಸೆಟುಕ್ಸಿಮ್ಯಾಬ್, ಎರ್ಲೋಟಿನಿಬ್‌ನಂಥ ಔಷಧಿಗಳಿಂದ ಮುಖದ ತುಂಬ ಏಳುವ ಗುಳ್ಳೆ ಮೊಡವೆಯೂ ಅಲ್ಲ, ಅಲರ್ಜಿಯೂ ಅಲ್ಲ. ಮೊಡವೆ ಕ್ರೀಮು ಹಚ್ಚಿದರೆ ಇನ್ನಷ್ಟು ಒಣಗಿ ಉರಿಯುತ್ತದೆ, ಹೆದರಿ ಚಿಕಿತ್ಸೆ ಬಿಟ್ಟರೆ ಕೆಲಸ ಮಾಡುತ್ತಿರುವ ಔಷಧಿಯನ್ನೇ ಬಿಟ್ಟಂತಾಗಬಹುದು. ಕೀಮೋದಲ್ಲಿ ಕಪ್ಪಾದ ಕೈ, ಉಗುರು ರಕ್ತ ಕೆಟ್ಟಿರುವುದರ ಗುರುತಲ್ಲ, ಬಹುಮಟ್ಟಿಗೆ ನಿಧಾನವಾಗಿ ತಿಳಿಯಾಗುತ್ತದೆ. ಕೇಪ್‌ಸಿಟಬಿನ್ ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪಾಗಿ ಸುಲಿಯುತ್ತವೆ. ಕೆಲವರ ಬೆರಳಚ್ಚೇ ಮಾಯವಾಗುತ್ತದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದಾಗ ಯಂತ್ರ ಒಪ್ಪದಿದ್ದರೆ ಅದು ಶಾಪವಲ್ಲ, ಮಾತ್ರೆ. ಅಂಗೈ, ಅಂಗಾಲಿನ ಈ ತೊಂದರೆ ತಡೆಯಲು ದೆಹಲಿಯ ಏಮ್ಸ್ ವೈದ್ಯರು ಹಚ್ಚಿ ನೋಡಿದ್ದು ಮಂಡಿನೋವಿಗೆ ಬಳಸುವ ಡೈಕ್ಲೋಫೆನಾಕ್ ಜೆಲ್. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬರಿಯ ಜೆಲ್ ಹಚ್ಚಿದವರಲ್ಲಿ ಶೇಕಡ 15 ಮಂದಿಗೆ ತೊಂದರೆ ಹೆಚ್ಚಿದರೆ, ಔಷಧಿಯಿದ್ದ ಜೆಲ್ ಹಚ್ಚಿದವರಲ್ಲಿ ಶೇಕಡ 4ಕ್ಕೂ ಕಡಿಮೆ. ಅಂಗಡಿಗೆ ಓಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಇಷ್ಟು ಒಳ್ಳೆಯ ಸುದ್ದಿ ಯಾವ ವಾಟ್ಸ್ಆ್ಯಪ್ ಗುಂಪಿನಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಬೀಳುವುದೂ ಇಲ್ಲ. ನಮ್ಮಲ್ಲಿ ಓಡುವುದು ‘ಬೇಡ’ಗಳು ಮಾತ್ರ. ಮೊಸರು ಬೇಡ, ಬದನೆ ಬೇಡ, ತಲೆಗೆ ಎಣ್ಣೆ ಬೇಡ, ನೀರು ಬೇಡ. ಪಥ್ಯ ಕಠಿಣವಾದಷ್ಟೂ ಮದ್ದು ಗಟ್ಟಿ ಎಂದು ನಂಬಿ ಬೆಳೆದವರು ನಾವು. ‘ಬೇಡ’ ಎಂದವರಿಗೆ ಖರ್ಚಿಲ್ಲ, ಜವಾಬ್ದಾರಿಯಿಲ್ಲ: ವಾಸಿಯಾದರೆ ಅವರ ಸಲಹೆಯಿಂದ, ಆಗದಿದ್ದರೆ ರೋಗಿ ಎಲ್ಲೋ ನೇಮ ತಪ್ಪಿಸಿದ್ದರಿಂದ. ಅತ್ತಿಗೆ ಐದು ವಾರ ತನ್ನ ಬೆವರಿನ ವಾಸನೆಗೆ ತಾನೇ ನಾಚಿ ಮೂಲೆಯ ಕೋಣೆಯಲ್ಲಿ ಕೂತಳು. ಹಾಗೆ ಕೂರಿಸಿದ್ದು ಕ್ಯಾನ್ಸರ್ ಅಲ್ಲ, ನಾವು.

ನಿಮ್ಮ ಮನೆಯಲ್ಲಿ ಯಾರಾದರೂ ಇವತ್ತು ‘ಕರೆಂಟ್’ ತೆಗೆದುಕೊಂಡು ಬಂದಿದ್ದರೆ, ಸಂಜೆ ಒಂದು ಬಕೆಟ್ ನೀರು ಬೆಚ್ಚಗೆ ಮಾಡಿಕೊಡಿ.