ಕಂಪನಿಯ ಲೆಕ್ಕದಲ್ಲಿ ಮನೆಯ ಫೋನು: ಸದಸ್ಯರು ತಿಳಿದಿರಬೇಕಾದ ಸಂಗತಿ

ತೋಟದ ಜತೆಯಲ್ಲಿ ಕಾಫಿಪುಡಿ, ಸುಪಾರಿ, ಏಲಕ್ಕಿ, ಮೆಣಸುಗಳ ಸಣ್ಣ ವ್ಯಾಪಾರವನ್ನೂ ನಡೆಸುವ ಬೆಳೆಗಾರರು ನಮ್ಮಲ್ಲಿದ್ದಾರೆ. ಅಣ್ಣತಮ್ಮಂದಿರು ಸೇರಿ ಒಂದು ಖಾಸಗಿ ಕಂಪನಿಯನ್ನು ನೋಂದಾಯಿಸಿದರೆಂದರೆ ಮನೆಯಲ್ಲಿ ಕೂಡಲೇ ಒಂದು ಮಾತು ಹುಟ್ಟುತ್ತದೆ: "ಹೇಗೂ ಕಂಪನಿ ಇದೆಯಲ್ಲ, ಹೊಸ ಫೋನು, ಲ್ಯಾಪ್‌ಟಾಪು, ಟಿ.ವಿ. ಎಲ್ಲವನ್ನೂ ಅದರ ಹೆಸರಿಗೇ ಬರೆಸೋಣ. ತೆರಿಗೆಯಲ್ಲಿ ಕಳೆದುಹೋಗುತ್ತದೆ, ನಮಗೆ ಬಿಟ್ಟಿ." ಈ ಮಾತಿನಲ್ಲಿ ನಿಜವೆಷ್ಟು, ಪೊಳ್ಳೆಷ್ಟು ಎಂಬುದನ್ನು ಸದಸ್ಯ ಬಂಧುಗಳ ಮುಂದಿಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಒಂದು ಉದಾಹರಣೆ

ವಿಷಯ ತಿಳಿಯಾಗಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕೊಪ್ಪದ ಕಡೆಯ ಇಬ್ಬರು ಸಹೋದರರು. ತೋಟ ಅವರಿಬ್ಬರ ಹೆಸರಿನಲ್ಲಿದೆ. ಅವರು ಕಟ್ಟಿದ ಕಂಪನಿ, ತೋಟದಿಂದಲೂ ನೆರೆಯವರಿಂದಲೂ ಕಾಫಿ ಮತ್ತು ಅಡಿಕೆ ಕೊಂಡು, ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟಿ ಮಾರುತ್ತದೆ. ಅಣ್ಣ ಊರಲ್ಲಿದ್ದು ತೋಟ ನೋಡುತ್ತಾನೆ. ತಮ್ಮ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಮಾರಾಟದ ಮಳಿಗೆ ಇಟ್ಟಿದ್ದಾನೆ. ಹಟ್ಟಿಯ ಬಯಲಿನಲ್ಲಿ ಕಾಫಿ ಬೆಳೆಯದು. ಆದರೆ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಆರಂಭವಾಗಿ 1956ರಲ್ಲಿ ಊರಿನ ಹೆಸರನ್ನೇ ಪಡೆದ ಸರ್ಕಾರಿ ಚಿನ್ನದ ಗಣಿ ಕಂಪನಿ ಅಲ್ಲಿದೆ. ತಿಂಗಳ ಸಂಬಳದ ಮನೆಗಳಿರುವ ಊರಿನಲ್ಲಿ ಪುಡಿಗೂ ಅಡಿಕೆಗೂ ಗಿರಾಕಿ ಸಿಕ್ಕೀತು.

ಈ ಸಹೋದರರು ತಲಾ ರೂ. 20,000 ಬೆಲೆಯ ಎರಡು ಫೋನುಗಳನ್ನು ಕಂಪನಿಯ ಹೆಸರಿಗೆ ಕೊಂಡರು. ಬಿಲ್ಲು ಎರಡಕ್ಕೂ ಒಂದೇ ರೀತಿಯದು. ಆದರೆ ಕಾನೂನಿನ ಕಣ್ಣಿಗೆ ಎರಡೂ ಒಂದೇ ಅಲ್ಲ.

ಯಾವುದು ವ್ಯಾಪಾರದ ಖರ್ಚು?

1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮು ಹಾಕಿಕೊಟ್ಟ ಅಳತೆ ಇದು: ಖರ್ಚು ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಆಗಿರಬೇಕು, ಸ್ವಂತದ ಖರ್ಚಾಗಿರಬಾರದು. ವಸ್ತುವನ್ನು ಭಾಗಶಃ ಮಾತ್ರ ವ್ಯಾಪಾರಕ್ಕೆ ಬಳಸಿದರೆ ಆ ಭಾಗಕ್ಕಷ್ಟೇ ವಿನಾಯಿತಿ ಎಂದು 38(2)ನೇ ಕಲಮು ಹೇಳಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಗೊತ್ತುಪಡಿಸಿದ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಈ ತತ್ವ ಹಾಗೆಯೇ ಉಳಿದಿದೆ.

ತಮ್ಮನ ಫೋನಿನಲ್ಲಿ ಗಿರಾಕಿಗಳ ಬೇಡಿಕೆ, ಲಾರಿ ಬಾಡಿಗೆ, ಹಣದ ವಸೂಲಿ ನಡೆಯುತ್ತದೆ. ಅದು ವ್ಯಾಪಾರದ ಫೋನು. ಅಣ್ಣನ ಫೋನಿನಲ್ಲಿ ನಡೆಯುವುದು ಆಳುಗಳನ್ನು ಕರೆಯುವುದು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರಿಸುವುದು, ಮಂಡಿಯ ಧಾರಣೆ ಕೇಳುವುದು. ಅದು ಕೃಷಿಯ ಫೋನು. ತೋಟ ಕಂಪನಿಯದಲ್ಲ, ಸಹೋದರರದು. ಆದುದರಿಂದ ಆ ಖರ್ಚು ಕಂಪನಿಯ ಲೆಕ್ಕದಲ್ಲಿ ನಿಲ್ಲುವುದು ಕಷ್ಟ.

ಬೆಳೆಗಾರರು ಮರೆಯುವ ಮುಖ್ಯ ಅಂಶ ಇಲ್ಲೇ ಇದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಸುಲಿದು, ಬೇಯಿಸಿ, ಒಣಗಿಸಿದ ಸ್ವಂತ ತೋಟದ ಅಡಿಕೆಯೂ, ಕಣದಲ್ಲಿ ಒಣಗಿಸಿದ ಚೆರಿ ಕಾಫಿಯೂ ಆ ಆದಾಯಕ್ಕೇ ಸೇರುತ್ತವೆ. ತೆರಿಗೆಯೇ ಇಲ್ಲದ ಆದಾಯದ ಎದುರು ಖರ್ಚು ತೋರಿಸಿ ಉಳಿಸುವುದೇನು? ಆ ಖರ್ಚನ್ನು ತೆರಿಗೆಯುಳ್ಳ ವ್ಯಾಪಾರದ ಕಡೆಗೆ ದಾಟಿಸುವುದನ್ನೂ 1961ರ ಕಾಯ್ದೆಯ 14ಎ ಕಲಮು ತಡೆಯಿತು. ಸ್ವಂತ ಕಾಫಿಯನ್ನು ಬೆಳೆಗಾರನೇ ಕ್ಯೂರಿಂಗ್ ಮಾಡಿ ಮಾರಿದರೆ ಶೇ. 25ರಷ್ಟು, ಹುರಿದು ಪುಡಿಮಾಡಿ ಮಾರಿದರೆ ಶೇ. 40ರಷ್ಟು ವ್ಯಾಪಾರದ ಆದಾಯವೆಂದು 1962ರ ನಿಯಮಾವಳಿಯ 7ಬಿ ನಿಯಮ ಹೇಳಿತು. ಆ ಪಾಲಿಗೆ ಮಾತ್ರ ತೆರಿಗೆಯ ಪ್ರಶ್ನೆ.

ಉಳಿಯುವುದೆಷ್ಟು?

ತಮ್ಮನ ಫೋನನ್ನೇ ನೋಡೋಣ. ರೂ. 20,000 ಅನ್ನು ಒಂದೇ ವರ್ಷ ಖರ್ಚು ಬರೆಯಲಾಗದು. ವರ್ಷಕ್ಕೆ ಶೇ. 15ರ ಸವಕಳಿ ಮಾತ್ರ, ಅಂದರೆ ಮೊದಲ ವರ್ಷ ರೂ. 3,000. ತೆರಿಗೆ ದರ ಶೇ. 25 ಎಂದಿಟ್ಟುಕೊಂಡರೆ ಉಳಿಯುವ ತೆರಿಗೆ ರೂ. 750. ಕಂಪ್ಯೂಟರಿಗೆ ಶೇ. 40ರ ಸವಕಳಿ ಉಂಟು. ರೂ. 50,000ದ ಲ್ಯಾಪ್‌ಟಾಪಿಗೆ ಮೊದಲ ವರ್ಷ ಉಳಿಯುವುದು ರೂ. 5,000. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಇವೆಲ್ಲ ಅರ್ಧಕ್ಕೆ ಇಳಿಯುತ್ತವೆ. ಫೋನೂ ಒಂದು ಕಂಪ್ಯೂಟರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಫೆಡರಲ್ ಬ್ಯಾಂಕಿನ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು ಅದನ್ನು ಒಪ್ಪಲಿಲ್ಲ.

ಜಿ.ಎಸ್.ಟಿ.ಯ ಮಾತೂ ಇಷ್ಟೇ. ನೋಂದಾಯಿತ ಕಂಪನಿ ವ್ಯಾಪಾರದ ಫೋನಿನ ಮೇಲಿನ ಶೇ. 18, ಅಂದರೆ ರೂ. 3,600 ಅನ್ನು ಹಿಂಪಡೆಯಬಹುದು. ಸ್ವಂತ ಬಳಕೆಯ ವಸ್ತುವಿಗೆ ಅದಿಲ್ಲ, ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೂ ಇಲ್ಲ. ಹಿಂಪಡೆದ ತೆರಿಗೆಯ ಮೇಲೆ ಮತ್ತೆ ಸವಕಳಿ ಕೇಳಲೂ ಬಾರದು.

ಇನ್ನು ಎದುರಿನ ತಕ್ಕಡಿ. ವ್ಯಾಪಾರ ಎಷ್ಟೇ ಸಣ್ಣದಿರಲಿ, ಕಂಪನಿಯ ಲೆಕ್ಕವನ್ನು ಪ್ರತಿವರ್ಷ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಲೇಬೇಕು. ವಾರ್ಷಿಕ ಪತ್ರಗಳನ್ನು ಕಂಪನಿ ರಿಜಿಸ್ಟ್ರಾರರಿಗೆ ತಡವಾಗಿ ಸಲ್ಲಿಸಿದರೆ ಪ್ರತಿ ಪತ್ರಕ್ಕೆ ದಿನಕ್ಕೆ ರೂ. 100ರಂತೆ ಹೆಚ್ಚುವರಿ ಶುಲ್ಕ. ರೂ. 750 ಉಳಿಸಲೆಂದು ಕಂಪನಿ ಕಟ್ಟುವುದು, ಕೊನೆ ಕೊಯ್ಯಲು ಏಣಿಯ ಬದಲು ಮನೆ ಕಟ್ಟಿದಂತೆ.

ಮನೆಯ ಟಿ.ವಿ.

ಕಂಪನಿಗೆ ಊಟವಿಲ್ಲ, ನಿದ್ದೆಯಿಲ್ಲ. ಆದುದರಿಂದ ಅದಕ್ಕೆ 'ಸ್ವಂತ ಬಳಕೆ' ಎಂಬುದು ಇರಲಾರದು ಎಂದು ಗುಜರಾತ್ ಹೈಕೋರ್ಟು ಸಯಾಜಿ ಐರನ್ ಮೊಕದ್ದಮೆಯಲ್ಲಿ ಹೇಳಿದ್ದುಂಟು. ಇದನ್ನು ಕೇಳಿ ಹಿಗ್ಗುವವರು ಅದರ ಇನ್ನೊಂದು ಮಗ್ಗುಲನ್ನು ನೋಡಬೇಕು. ಕಂಪನಿಯ ವಸ್ತುವಿನಿಂದ ನಿರ್ದೇಶಕ ಪಡೆದ ಸೌಲಭ್ಯ ನಿರ್ದೇಶಕನ ಆದಾಯವಾಗುತ್ತದೆ. ರೂ. 40,000ದ ಟಿ.ವಿ.ಯನ್ನು ಕಂಪನಿ ಮನೆಗೆ ಕೊಟ್ಟರೆ, 1962ರ ನಿಯಮಾವಳಿಯಂತೆ ವರ್ಷಕ್ಕೆ ಶೇ. 10, ಅಂದರೆ ರೂ. 4,000 ನಿರ್ದೇಶಕನ ಲೆಕ್ಕಕ್ಕೆ ಸೇರುತ್ತಿತ್ತು. ಲ್ಯಾಪ್‌ಟಾಪಿಗೂ ಕಂಪ್ಯೂಟರಿಗೂ ಅದೇ ನಿಯಮಾವಳಿ ಮಾಫಿ ಕೊಟ್ಟಿತ್ತು. ಮುಂಬಾಗಿಲಲ್ಲಿ ಹೋದ ತೆರಿಗೆ ಹಿತ್ತಿಲಿನಿಂದ ಒಳಗೆ ಬರುವುದೆಂದರೆ ಇದೇ.

ಸುಳ್ಳು ಲೆಕ್ಕ ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಮೇಲೆ ಶೇ. 200ರವರೆಗೆ ದಂಡ ಬೀಳಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಂದು ಫೋನಿನ ಲೆಕ್ಕ ಸುಳ್ಳೆಂದಾದರೆ, ನಾವು ಕೃಷಿ ಆದಾಯವೆಂದು ತೋರಿಸಿದ ಮೊತ್ತವನ್ನೂ ಅಧಿಕಾರಿ ಅನುಮಾನದಿಂದಲೇ ನೋಡುತ್ತಾನೆ. ಬೆಳೆಗಾರನ ದೊಡ್ಡ ವಿನಾಯಿತಿ ಅದೇ. ಅದನ್ನು ಫೋನಿನ ಆಸೆಗೆ ಪಣವಿಡಬಾರದು.

ಸದಸ್ಯರು ಗಮನಿಸತಕ್ಕದ್ದು

1. ವ್ಯಾಪಾರದ ವಸ್ತುವಿನ ಬಿಲ್ಲು ಕಂಪನಿಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯಲ್ಲಿರಲಿ.

2. ಹಣವನ್ನು ಕಂಪನಿಯ ಬ್ಯಾಂಕು ಖಾತೆಯಿಂದಲೇ ಕೊಡಿ. ಒಂದೇ ದಿನ ಒಬ್ಬರಿಗೇ ರೂ. 10,000 ಮೀರಿ ನಗದು ಕೊಟ್ಟರೆ ಆ ಮೊತ್ತಕ್ಕೆ ಸವಕಳಿ ಸಿಗದು.

3. ವಸ್ತು ಯಾರ ಕೈಯಲ್ಲಿದೆ, ಯಾವ ಕೆಲಸಕ್ಕೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

4. ತೋಟಕ್ಕೆ ಒಂದು ಫೋನು, ವ್ಯಾಪಾರಕ್ಕೆ ಒಂದು ಫೋನು ಬೇರೆಯಾಗಿರಲಿ. ಒಂದೇ ಇದ್ದಲ್ಲಿ ನ್ಯಾಯವಾದ ಪಾಲನ್ನಷ್ಟೇ ಲೆಕ್ಕಕ್ಕೆ ಬರೆಯಿರಿ.

5. ಮನೆಗೆ ಬೇಕಾದುದನ್ನು ಮನೆಯ ಹಣದಿಂದ ಕೊಳ್ಳಿರಿ.

ವ್ಯಾಪಾರಕ್ಕೆ ನಿಜವಾಗಿ ಬೇಕಾದ ಫೋನನ್ನೋ ಲ್ಯಾಪ್‌ಟಾಪನ್ನೋ ಕಂಪನಿಯ ಲೆಕ್ಕದಲ್ಲಿ ತೆಗೆದುಕೊಳ್ಳಲು ಯಾರೂ ಅಂಜಬೇಕಾಗಿಲ್ಲ, ಅದು ನ್ಯಾಯವಾದ ಹಕ್ಕು. ಆದರೆ ನೂರು ರೂಪಾಯಿ ಖರ್ಚುಮಾಡಿದರೆ ಉಳಿಯುವ ತೆರಿಗೆ ಸುಮಾರು ಇಪ್ಪತ್ತೈದು, ಮಿಕ್ಕ ಎಪ್ಪತ್ತೈದು ನಮ್ಮ ಕೈಯಿಂದಲೇ ಹೋಗುವ ಹಣ. ಬೇಕೋ ಬೇಡವೋ ಎಂಬುದನ್ನು ಕೊಳ್ಳುವ ಮೊದಲು ತೀರ್ಮಾನಿಸಿ, ಸಂಶಯವಿದ್ದರೆ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಬೇಕಾಗಿ ಸದಸ್ಯರಲ್ಲಿ ನಮ್ಮ ವಿನಂತಿ.