ಪೆರ್ನಾಲ್ ಸಂಜೆಯ ಕಡಲು, ಸಸಿಹಿತ್ಲುವಿನ ಅಲೆ

ಪೆರ್ನಾಲ್ ದಿನ ಮಧ್ಯಾಹ್ನದ ಬಿರಿಯಾನಿ ಮುಗಿದು, ಒಂದೆರಡು ನೆಂಟರ ಮನೆ ಸುತ್ತಿ, ಅಸರ್ ಆದ ಮೇಲೆ ಮಕ್ಕಳದ್ದು ಒಂದೇ ಹಠ: ಬೀಚಿಗೆ ಹೋಗುವ. ಉಳ್ಳಾಲ, ಸೋಮೇಶ್ವರ, ತಣ್ಣೀರುಬಾವಿ, ಪಣಂಬೂರು, ಸುರತ್ಕಲ್, ಸಸಿಹಿತ್ಲು, ಕಾಪು, ಮಲ್ಪೆ - ಆ ಸಂಜೆ ಕಡಲ ಬದಿಯಲ್ಲಿ ಎಲ್ಲಿ ನೋಡಿದರೂ ಹೊಸ ಬಟ್ಟೆ, ಐಸ್‌ಕ್ರೀಮ್, ಚರುಮುರಿ, ಸೆಲ್ಫಿ. ಪ್ಯಾಂಟ್ ಮಡಚಿ ಮೊಣಕಾಲಿನವರೆಗೆ ಇಳಿದವರು ಅರ್ಧ ಗಂಟೆಯಲ್ಲಿ ಸೊಂಟದವರೆಗೆ ಹೋಗಿರುತ್ತಾರೆ. ಇವತ್ತು ಕಡಲು ಹೇಗುಂಟು ಎಂದು ವಿಚಾರಿಸಿ ಮನೆಯಿಂದ ಹೊರಟವರು ಎಷ್ಟು ಮಂದಿ? ಮಳೆ ಬರುತ್ತದೋ ಎಂದು ಆಕಾಶ ನೋಡುತ್ತೇವೆ, ಅಷ್ಟೇ.

ಇದೇ ಕಡಲಿಗೆ ಹಲಗೆ ಹಿಡಿದುಕೊಂಡು ಬರುವ ಇನ್ನೊಂದು ಗುಂಪು ಉಂಟು. ಅವರು ಹಿಂದಿನ ರಾತ್ರಿಯೇ ಕಡಲಿನ ಲೆಕ್ಕ ನೋಡದೆ ಮನೆಯಿಂದ ಹೊರಡುವುದಿಲ್ಲ. ಅವರು ಸರ್ಫಿಂಗ್‌ನವರು. ಅಲೆಯ ಮೇಲೆ ನಿಲ್ಲುವ ಅವರ ಸರ್ಕಸ್ಸು ನಮಗೆ ಬೇಕಾಗಿಲ್ಲದಿರಬಹುದು. ಅವರ ಲೆಕ್ಕ ಮಾತ್ರ ಕರಾವಳಿಯ ಪ್ರತಿ ಮನೆಗೂ ಬೇಕು.

ನಮ್ಮ ದೇಶದ ಸರ್ಫಿಂಗ್ ಚರಿತ್ರೆಯಲ್ಲಿ ಮೂಲ್ಕಿಗೆ ದೊಡ್ಡ ಜಾಗ ಉಂಟು. ಅಮೆರಿಕದಿಂದ ಬಂದ ಜಾಕ್ ಹೆಬ್ನರ್ 2004ರಲ್ಲಿ ಇಲ್ಲಿ ಕಟ್ಟಿದ ಆಶ್ರಮವೇ ಮಂತ್ರ ಸರ್ಫ್ ಕ್ಲಬ್ ಆಯಿತು. ಭಾರತದ ಮೊದಲ ಸರ್ಫ್ ಕ್ಲಬ್ ಎಂದು ಅದಕ್ಕೆ ಹೆಸರು. 2016ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲಿ ಶುರುವಾಯಿತು. ಆಮೇಲೆ ಪಣಂಬೂರಿನಲ್ಲೂ ನಡೆದು, 2024 ಮತ್ತು 2025ರಲ್ಲಿ ಮತ್ತೆ ಸಸಿಹಿತ್ಲುವಿಗೇ ಬಂತು. ಹಳೆಯಂಗಡಿಯಿಂದ ಒಳಗೆ ಹೋದರೆ ಒಂದು ಬದಿ ನಂದಿನಿ ನದಿ, ಇನ್ನೊಂದು ಬದಿ ಕಡಲು, ನಡುವೆ ನಾಲಗೆ ಚಾಚಿದಂತೆ ಮರಳು. ಅದರ ತುದಿಯಲ್ಲಿ ನಂದಿನಿ ಮತ್ತು ಶಾಂಭವಿ ಕೂಡಿ ಕಡಲು ಸೇರುವ ಅಳಿವೆ. ಎರಡು ನದಿ ತಂದು ಹಾಕಿದ ಮರಳು ನೀರಿನಡಿ ದಿಬ್ಬ ಕಟ್ಟುತ್ತದೆ. ಆಳದಿಂದ ಬಂದ ಅಲೆ ಆ ದಿಬ್ಬಕ್ಕೆ ಕಾಲು ತಾಗಿಸಿಕೊಂಡು ಎದ್ದು ಮಡಚಿ ಒಡೆಯುತ್ತದೆ. ಸರ್ಫಿಂಗ್‌ನವರಿಗೆ ಬೇಕಾದದ್ದು ಅದೇ. ಆದರೆ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಮಳೆಗಾಲ ಕಳೆದರೆ ಅದರ ಜಾಗ ಬದಲಾಗಿರುತ್ತದೆ. ಕಡಲ್ಕೊರೆತದಲ್ಲಿ ದಡವೇ ಹೋದದ್ದನ್ನು ಊರಿನವರು ನೋಡಿದ್ದಾರೆ. ‘ಹೋದ ವರ್ಷ ಇಲ್ಲಿ ನೀರು ಸಣ್ಣ ಇತ್ತು ಮಾರ್ರೆ’ ಎಂಬ ಮಾತಿಗೆ ಅಳಿವೆಯ ಹತ್ತಿರ ಬೆಲೆ ಇಲ್ಲ.

ಸರ್ಫಿಂಗ್‌ನವರ ಮೊಬೈಲಿನಲ್ಲಿ ಕಾಣುವುದು ನಾಲ್ಕು ವಿಷಯ. ಅಲೆ ಎಷ್ಟು ಎತ್ತರ, ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ಸೆಕೆಂಡು, ಗಾಳಿ ಯಾವ ಕಡೆಯಿಂದ, ನೀರು ಏರುತ್ತಾ ಉಂಟೋ ಇಳಿಯುತ್ತಾ ಉಂಟೋ. ನಾವು ನೋಡುವುದು ಮೊದಲನೆಯದನ್ನು ಮಾತ್ರ, ಅದೂ ಕಣ್ಣಳತೆಯಲ್ಲಿ.

ಎತ್ತರದಲ್ಲೇ ಒಂದು ಮರ್ಮ ಉಂಟು. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ‘3 ಮೀಟರ್ ಎತ್ತರದ ಅಲೆ’ ಎಂದು ಬರುತ್ತದಲ್ಲ, ಅದು ಅತಿ ದೊಡ್ಡ ಅಲೆಯ ಲೆಕ್ಕ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ನಡುವೆ ಒಂದು ಅಲೆ ಅದರ ಇಮ್ಮಡಿಯ ಹತ್ತಿರವೂ ಬರಬಹುದು.

ಎತ್ತರಕ್ಕಿಂತ ನಡುವಿನ ಸೆಕೆಂಡು ಇನ್ನೂ ಮುಖ್ಯ. ನಮ್ಮೂರಿನ ಗಾಳಿಗೇ ಎದ್ದ ಅಲೆಗೆ ಐದಾರು ಸೆಕೆಂಡಿನ ಅಂತರ. ಗಲಾಟೆ ಹೆಚ್ಚು, ಬಲ ಕಡಿಮೆ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಹೊರಟು ಬಂದ ಅಲೆಗೆ 14, 16 ಸೆಕೆಂಡಿನ ಅಂತರ. ಅಲೆಯ ಶಕ್ತಿಯನ್ನು ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಮತ್ತೆ ಸೆಕೆಂಡಿನಿಂದ ಗುಣಿಸಿ ಅಳೆಯುತ್ತಾರೆ. ಹಾಗೆ ನೋಡಿದರೆ 1 ಮೀಟರ್ ಎತ್ತರದ, 6 ಸೆಕೆಂಡಿನ ಅಲೆಗಿಂತ ಒಂದೂವರೆ ಮೀಟರ್ ಎತ್ತರದ, 14 ಸೆಕೆಂಡಿನ ಅಲೆಗೆ ಐದು ಪಟ್ಟು ಹೆಚ್ಚು ಬಲ. ದಡದಲ್ಲಿ ನಿಂತವರ ಕಣ್ಣಿಗೆ ಕಾಣುವುದು ಅರ್ಧ ಮೀಟರಿನ ವ್ಯತ್ಯಾಸ ಮಾತ್ರ. ಇಂಥ ಅಲೆಗಳು ಗುಂಪು ಕಟ್ಟಿಕೊಂಡು ಬರುತ್ತವೆ. ಗುಂಪಿಗೂ ಗುಂಪಿಗೂ ನಡುವೆ ಕೆಲವು ನಿಮಿಷ ಕಡಲು ಪಾಪದ ಹಾಗೆ ಇರುತ್ತದೆ. ಸೋಮೇಶ್ವರದ ರುದ್ರಪಾದೆಯಂಥ ಬಂಡೆಯ ಮೇಲೆ ಫೋಟೋಕ್ಕೆ ಹತ್ತುವವರು ಹತ್ತುವುದು ಆ ಸುಮ್ಮನಿರುವ ಹೊತ್ತಿನಲ್ಲಿಯೇ.

ಚಳಿಗಾಲದ ನಮ್ಮ ಅಲೆಗೆ ಗಲ್ಫಿನ ನೆಂಟಸ್ತಿಕೆ ಉಂಟು. ದಮ್ಮಾಮ್, ಜುಬೈಲ್, ಕುವೈತ್‌ನಲ್ಲಿ ದುಡಿದವರಿಗೆ ‘ಶಮಾಲ್’ ಗೊತ್ತು. ವಾಯವ್ಯದಿಂದ ಬೀಸಿ ಧೂಳೆಬ್ಬಿಸುವ ಗಾಳಿ. ಅರಬಿಯಲ್ಲಿ ಆ ಪದದ ಅರ್ಥ ಉತ್ತರ ಎಂದು. ನವೆಂಬರಿನಿಂದ ಮಾರ್ಚ್‌ವರೆಗೆ ಆ ಗಾಳಿ ಜೋರಾದಾಗ ಅರಬಿ ಸಮುದ್ರದ ಆ ತುದಿಯಲ್ಲಿ ಏಳುವ ಅಲೆ ಕೆಲವೇ ದಿನಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮುಟ್ಟುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿ ‘ಶಮಾಲ್ ಅಲೆ’ ಎಂದೇ ಹೆಸರಿಟ್ಟಿದ್ದಾರೆ. ಆರೆಂಟು ಸೆಕೆಂಡಿನ ಸಾಧಾರಣ ಅಲೆ ಅದು. ಅಲ್ಲಿ ಮಗನ ಕಣ್ಣಿಗೆ ಧೂಳು ಎರಚಿದ ಗಾಳಿಯೇ ಇಲ್ಲಿ ಉಮ್ಮನ ಮನೆಯ ಹಿಂದಿನ ಕಡಲನ್ನು ಕುಲುಕಿಸುತ್ತದೆ.

ಆ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದಿಂದ ಕಡಲಿಗೆ ತಂಪು ಗಾಳಿ, ನೀರು ಕನ್ನಡಿಯ ಹಾಗೆ. ಮಧ್ಯಾಹ್ನ ಕಳೆದರೆ ಕಡಲಿನಿಂದ ನೆಲಕ್ಕೆ ಗಾಳಿ, ಅಲೆಯೆಲ್ಲ ಚೂರುಚೂರು. ಕಲಿಯುವವರು ಸುಬಹಿ ಆದ ಕೂಡಲೇ ನೀರಿಗಿಳಿಯುವುದು ಅದಕ್ಕೇ. ಏಪ್ರಿಲ್, ಮೇ ಬಂತೆಂದರೆ ಆಟ ಬದಲಾಗುತ್ತದೆ. ದಕ್ಷಿಣ ಧ್ರುವದ ಕಡೆಯ ಸಾಗರದಲ್ಲಿ ಚಳಿಗಾಲದ ಬಿರುಗಾಳಿ ಶುರುವಾಗಿ ಅಲ್ಲಿಂದ ಹೊರಟ ಅಲೆ ಸುಮಾರು ಒಂದು ವಾರ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬಡಿಯುತ್ತದೆ. ನಮ್ಮಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಬಿಸಿಲು ಚುರುಗುಟ್ಟುತ್ತಾ ಉಂಟು. ಕಡಲು ಮಾತ್ರ ಇದ್ದಕ್ಕಿದ್ದಂತೆ ಏರಿ ಬರುತ್ತದೆ. ಕೇರಳದ ಮೀನುಗಾರರು ಇದಕ್ಕಿಟ್ಟ ಹೆಸರು ‘ಕಳ್ಳಕ್ಕಡಲ್’. ಬ್ಯಾರಿ ಮಾತಾಡುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರಕಾರದ ಸಾಗರ ಮಾಹಿತಿ ಸಂಸ್ಥೆ ಈಗ ಅದೇ ಹೆಸರಿನಲ್ಲಿ ಎಚ್ಚರಿಕೆ ಹೊರಡಿಸುತ್ತದೆ. 2024ರ ಮೇ ಮೊದಲ ವಾರ ಅಂಥ ಎಚ್ಚರಿಕೆ ಇತ್ತು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಬೀಚೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಬಿಟ್ಟರು. ಓದಿದ ಮಕ್ಕಳು. ಅಲೆಯ ಸುದ್ದಿ ಅವರ ಕಿಸೆಯ ಮೊಬೈಲಿನಷ್ಟೇ ಹತ್ತಿರದಲ್ಲಿತ್ತು.

ಇನ್ನು ಉಬ್ಬರ ಇಳಿತ. ಇದರ ಲೆಕ್ಕಕ್ಕೆ ಮೊಬೈಲ್ ಕೂಡ ಬೇಡ, ಗೋಡೆಯ ಮೇಲಿನ ಹಿಜರಿ ಕ್ಯಾಲೆಂಡರ್ ಸಾಕು. ಸೂರ್ಯ ಮತ್ತು ಚಂದ್ರ ಒಂದೇ ಗೆರೆಯಲ್ಲಿ ಬರುವ ಅಮಾವಾಸ್ಯೆ, ಹುಣ್ಣಿಮೆಗಳಿಗೆ ಕಡಲಿನ ಏರಿಳಿತ ಹೆಚ್ಚು. ಅದು ತುದಿ ಮುಟ್ಟುವುದು ಒಂದೆರಡು ದಿನ ಕಳೆದ ಮೇಲೆ. ಅಂದರೆ ಚಂದ್ರಮಾಸದ 1, 2 ಮತ್ತು 15, 16ರ ಆಸುಪಾಸು ದೊಡ್ಡ ಉಬ್ಬರ, ದೊಡ್ಡ ಇಳಿತ. 8, 9 ಮತ್ತು 22, 23ರ ಸುಮಾರಿಗೆ ಸಣ್ಣದು. ಈಗ ಯೋಚಿಸಿ. ಈದುಲ್ ಫಿತ್ರ್ ಎಂದರೆ ಶವ್ವಾಲ್ 1. ಅದು ಮಾರ್ಚ್‌ನಲ್ಲಿ ಬರಲಿ, ಜುಲೈಯಲ್ಲಿ ಬರಲಿ, ಆ ದಿನದ ಏರಿಳಿತ ಯಾವತ್ತೂ ದೊಡ್ಡದೇ. ವರ್ಷಕ್ಕೊಮ್ಮೆ ಇಡೀ ಮನೆಯನ್ನು ಕಟ್ಟಿಕೊಂಡು ಬೀಚಿಗೆ ಹೋಗಲು ನಾವು ಆರಿಸಿಕೊಂಡ ದಿನವೇ ನೀರಿನ ಓಟ ಜೋರಿರುವ ದಿನ.

ಗುಜರಾತಿನ ಖಂಭಾತ್ ಕೊಲ್ಲಿಯಂತೆ ಹತ್ತು ಮೀಟರ್ ಏರಿಳಿತ ನಮ್ಮಲ್ಲಿಲ್ಲ, ಮಂಗಳೂರಿನಲ್ಲಿ ದೊಡ್ಡ ದಿನಕ್ಕೂ ಸುಮಾರು ಒಂದೂವರೆ ಮೀಟರಿನೊಳಗೆ. ಅಷ್ಟೇ ಅಲ್ಲವಾ ಎನ್ನಬೇಡಿ. ಇಂಥ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಉಬ್ಬರ ಮಧ್ಯಾಹ್ನದ ಆಸುಪಾಸು, ಇಳಿತ ಸಂಜೆ. ನಾವು ಅಸರ್ ಕಳೆದು ನೀರಿಗೆ ಇಳಿಯುವಾಗ ನೀರು ಹೊರಗೆ ಹೋಗುತ್ತಿರುತ್ತದೆ. ಸಸಿಹಿತ್ಲುವಿನಂಥ ಅಳಿವೆಯಲ್ಲಿ ಮಧ್ಯಾಹ್ನ ನದಿಯೊಳಗೆ ನುಗ್ಗಿದ ಅಷ್ಟೂ ನೀರು ಆ ಹೊತ್ತಿಗೆ ಕಿರಿದಾದ ಬಾಯಿಯಿಂದ ವಾಪಸು ಓಡುತ್ತಿರುತ್ತದೆ. ಮೇಲಿನಿಂದ ನೋಡಿದರೆ ಶಾಂತ ನದಿ, ಮಕ್ಕಳನ್ನು ಆಡಲು ಬಿಡಲು ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಅಲ್ಲಿ ಬಿಡಲೇಬಾರದು.

ಬಕ್ರೀದ್ ಝುಲ್‌ಹಜ್ 10ಕ್ಕೆ, ಆದ್ದರಿಂದ ಚಂದ್ರನ ಲೆಕ್ಕದಲ್ಲಿ ಅಷ್ಟು ಜೋರಿಲ್ಲ. ಅದರ ತೊಂದರೆ ಬೇರೆ. 2017ರ ಸೆಪ್ಟೆಂಬರಿನಿಂದ 2025ರ ಜೂನ್‌ವರೆಗೆ ಒಂಬತ್ತು ಬಕ್ರೀದ್‌ಗಳೂ ಮಳೆಗಾಲದೊಳಗೇ ಬಂದವು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಕಡಲಿನಲ್ಲೇ ಹುಟ್ಟಿ ಬೆಳೆದವರ ಬೋಟು ದಕ್ಕೆಯಲ್ಲಿ ಕಟ್ಟಿರುವಾಗ ಪೇಟೆಯ ಹುಡುಗರು ಜೀನ್ಸ್ ಹಾಕಿಕೊಂಡು ಈಜಲು ಇಳಿಯುತ್ತಾರೆ. 2021ರ ಈದುಲ್ ಫಿತ್ರ್ ನಮ್ಮಲ್ಲಿ ಮೇ 13ಕ್ಕೆ ಇತ್ತು. ಅದರ ಎರಡನೇ ದಿನಕ್ಕೆ ತೌಕ್ತೆ ಚಂಡಮಾರುತದ ಅಲೆ ಉಳ್ಳಾಲ, ಸೋಮೇಶ್ವರದ ಮನೆಗಳಿಗೆ ನುಗ್ಗಿತು. ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಬಿದ್ದ ಟಗ್ ಒಂದರಿಂದ ಒಂಬತ್ತು ಮಂದಿಯನ್ನು ಪಾರು ಮಾಡಬೇಕಾಯಿತು. ಆ ವರ್ಷ ಲಾಕ್‌ಡೌನ್ ಇದ್ದದ್ದರಿಂದ ಬೀಚಿನಲ್ಲಿ ಜನ ಇರಲಿಲ್ಲ. ಇನ್ನು ಬಕ್ರೀದ್ ಮೇ ಕೊನೆಗೆ, ಮತ್ತೆ ಮೇ ನಡುವಿಗೆ ಜಾರುತ್ತದೆ. ಸರ್ಫಿಂಗ್ ಸ್ಪರ್ಧೆಗೆ ಅಲೆ ಬೇಕೆಂದು ಅವರು ಆರಿಸಿಕೊಳ್ಳುವುದೂ ಮೇ ಕೊನೆಯನ್ನೇ. ಅವರಿಗೆ ಒಳ್ಳೆಯ ಕಡಲು ಎಂದರೆ ನಮಗೆ ದಡದಲ್ಲಿ ಕೂತು ನೋಡುವ ಕಡಲು.

ಮುಳುಗುವವರಲ್ಲಿ ಹೆಚ್ಚಿನವರನ್ನು ಅಲೆ ಹೊಡೆದು ಕೊಂಡುಹೋಗುವುದಲ್ಲ, ಸೆಳೆತ ಎಳೆದುಕೊಂಡು ಹೋಗುವುದು. ದಡಕ್ಕೆ ಬಂದು ಬಿದ್ದ ನೀರು ಎಲ್ಲಿಂದಾದರೂ ಹಿಂದೆ ಹೋಗಬೇಕಲ್ಲ? ಎರಡು ಮರಳ ದಿಬ್ಬಗಳ ನಡುವಿನ ತಗ್ಗು ಹುಡುಕಿ ತೋಡಿನ ಹಾಗೆ ಹೊರಗೆ ಹರಿಯುತ್ತದೆ. ಬಂದರಿನ ತಡೆಗೋಡೆಯ ಬದಿಯಲ್ಲೂ, ಬಂಡೆಯ ಬದಿಯಲ್ಲೂ ಹಾಗೆಯೇ. ಅಲ್ಲಿ ನೀರು ಆಳ ಇರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಇಲ್ಲ, ಬಣ್ಣ ಸ್ವಲ್ಪ ಕಪ್ಪು ಅಥವಾ ಮರಳು ಕದಡಿದ ಕಂದು. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಒಂದು ಓಣಿಯಷ್ಟು ನಿಶ್ಶಬ್ದ. ‘ಬಾ ಬಾ, ಇಲ್ಲಿ ಅಲೆ ಇಲ್ಲ’ ಎಂದು ಕರೆದು ಮಕ್ಕಳ ಕೈ ಹಿಡಿದು ಇಳಿಸುವುದು ಸರಿಯಾಗಿ ಆ ಓಣಿಗೇ. ಹಲಗೆ ಹಿಡಿದವರು ಕೂಡ ಅಲ್ಲೇ ಇಳಿಯುತ್ತಾರೆ, ಕೈ ಬೀಸದೆ ಹೊರಗೆ ತಲುಪಲು ಅದು ಅವರಿಗೆ ಪುಕ್ಕಟೆ ಬಸ್. ಅವರ ಕಾಲಿಗೆ ಹಗ್ಗದಲ್ಲಿ ಕಟ್ಟಿದ, ತೇಲುವ ಹಲಗೆ ಇರುತ್ತದೆ. ನಮ್ಮ ಮಕ್ಕಳ ಕಾಲಿಗೆ ಏನೂ ಇಲ್ಲ.

ಸೆಳೆತ ಯಾರನ್ನೂ ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ. ಕೊಲ್ಲುವುದು ಸುಸ್ತು. ದಡ ಎದುರೇ ಕಾಣುತ್ತದೆ, ನೇರ ಅದರ ಕಡೆ ಈಜಲು ಹೊರಟವನು ಓಡುವ ನೀರಿಗೆ ಎದುರು ಈಜುತ್ತಿರುತ್ತಾನೆ. ಒಳ್ಳೆಯ ಈಜುಗಾರನಿಗೂ ಅದು ಆಗುವ ಕೆಲಸ ಅಲ್ಲ. ಹೊಳೆಯಲ್ಲಿ ಈಜಿ ಗೊತ್ತುಂಟು ಎನ್ನುವವರು ಮೊದಲು ಸೋಲುತ್ತಾರೆ. ಮಾಡಬೇಕಾದದ್ದು ಅಂಗಾತ ಮಲಗಿ ತೇಲುವುದು, ಒಂದು ಕೈ ಎತ್ತಿ ಕರೆಯುವುದು, ಬಲ ಇದ್ದರೆ ದಡಕ್ಕೆ ಸಮನಾಗಿ ಬದಿಗೆ ಈಜುವುದು. ಓಣಿ ಅಗಲ ಇರುವುದಿಲ್ಲ, ಬದಿಗೆ ಸ್ವಲ್ಪ ಹೋದರೆ ನೊರೆಯ ಅಲೆಯೇ ದಡಕ್ಕೆ ದೂಡುತ್ತದೆ. ದಡದಲ್ಲಿರುವವರು ತಮ್ಮನೋ ಮಗನೋ ಎಂದು ಹಿಂದೆಯೇ ಹಾರುವುದರಿಂದ ಒಂದು ಮನೆಯಲ್ಲಿ ಎರಡು ಮೂರು ಮಯ್ಯಿತ್ ಆದದ್ದುಂಟು. ಹಾರುವ ಬದಲು ತೇಲುವಂಥದ್ದು ಏನಾದರೂ ಎಸೆಯಿರಿ. ಖಾಲಿ ನೀರಿನ ಕ್ಯಾನ್, ಮುಚ್ಚಳ ಬಿಗಿಯಾದ ದೊಡ್ಡ ಬಾಟಲಿ, ಕಾರಿನ ಸ್ಟೆಪ್ನಿ ಯಾವುದಾದರೂ ಆದೀತು.

ಹೆಂಗಸರ ವಿಷಯ ಒಂದು ಮಾತು. ಬುರ್ಖಾ, ಸೀರೆ, ದುಪಟ್ಟಾ ನೀರು ಕುಡಿದರೆ ಮೊಣಕಾಲಿನ ನೀರಿನಲ್ಲೂ ಎದ್ದು ನಿಲ್ಲಲು ಬಿಡುವುದಿಲ್ಲ. ಮಕ್ಕಳನ್ನು ಹಿಡಿದುಕೊಳ್ಳಲು ನೀರಿಗೆ ಇಳಿಯುವವರು ಹೆಚ್ಚಾಗಿ ಉಮ್ಮಂದಿರೇ. ಸರ್ಫಿಂಗ್ ಕಲಿಯುವವರು, ಗಂಡು ಹೆಣ್ಣು ಎಲ್ಲರೂ, ಬಿಸಿಲಿಗೂ ಹಲಗೆಯ ಉಜ್ಜುವಿಕೆಗೂ ಮೈಗಂಟುವ ತುಂಬು ತೋಳಿನ ಅಂಗಿ ಹಾಕುತ್ತಾರೆ. ಅದರ ಮೇಲೆ ಸಡಿಲ, ಹಗುರ ಬಟ್ಟೆ ಹಾಕಿ ಮೈ ಮುಚ್ಚಿಕೊಂಡೇ ಈಜು ಕಲಿಯಬಹುದು. ನಮ್ಮ ಹೆಣ್ಣುಮಕ್ಕಳಿಗೆ ಈಜು ಕಲಿಸಲು ಬಟ್ಟೆಯ ನೆವ ಹೇಳುವ ಕಾಲ ಹೋಯಿತು ಎಂದೇ ನನ್ನ ಅಭಿಪ್ರಾಯ.

ಹೊರಡುವ ಮೊದಲು ನೋಡುವುದಕ್ಕೆ ಐದು ನಿಮಿಷ ಸಾಕು. ಇನ್‌ಕಾಯ್ಸ್‌ನ ಜಾಲತಾಣದಲ್ಲಿ ಕರಾವಳಿಯ ಅಲೆ ಮತ್ತು ಉಬ್ಬರದ ಮುನ್ಸೂಚನೆ ಪುಕ್ಕಟೆ ಸಿಗುತ್ತದೆ. ಅಲೆಯ ಸೆಕೆಂಡು ಹನ್ನೆರಡು ದಾಟಿದ್ದರೆ ಮಕ್ಕಳನ್ನು ಮರಳಿನಲ್ಲೇ ಆಡಿಸಿ. ಬೀಚಿಗೆ ಹೋದ ಮೇಲೆ ಸೀದಾ ನೀರಿಗೆ ನಡೆಯದೆ, ಎತ್ತರದಲ್ಲಿ ನಿಂತು ಹತ್ತು ನಿಮಿಷ ನೊರೆ ಇಲ್ಲದ ಓಣಿ ಎಲ್ಲುಂಟು ಎಂದು ಹುಡುಕಿ. ಜೀವರಕ್ಷಕರು ಇರುವ ಬೀಚಿನಲ್ಲಿ ಅವರನ್ನೇ ಕೇಳಿ, ಅವರ ಸೀಟಿಗೆ ಸಿಟ್ಟಾಗಬೇಡಿ. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್ 1554, ಉಳಿದ ಎಲ್ಲ ತುರ್ತಿಗೂ 112. ಮೂರನ್ನೂ ಮೊಬೈಲಿನಲ್ಲಿ ಹಾಕಿಟ್ಟು, ಆ ಮೊಬೈಲನ್ನು ಸೆಲ್ಫಿಗೆ ನೀರಿಗೆ ಇಳಿಯುವವರ ಕೈಗೆ ಕೊಡದೆ, ದಡದಲ್ಲಿ ಕೂರುವವರ ಹತ್ತಿರ ಇಡಿ.